ಬ್ರೆಡ್ಡಿನಜ್ಜನ ನೀರಿನ ಶಾಸ್ತ್ರ

ನನ್ನ ಮೊಮ್ಮಗಳು ಚಂದನ ಇವತ್ತು ಬೆಳಿಗ್ಗೆ ಸೈಕಲ್ಲು ಹತ್ತಿ ಕಾಲೇಜಿಗೆ ಹೋದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಓದುವವರಿದ್ದರೆ ಅವರನ್ನು ಕೊನೆಯವರೆಗೆ ಕಾಯಿಸುವುದು ಪಾಪ. ಹುಡುಗಿ ಗಟ್ಟಿಯಾಗಿದ್ದಾಳೆ. ಎರಡು ಕಿಡ್ನಿಯೂ ಕೆಲಸ ಮಾಡುತ್ತಿವೆ. ಗೇಟು ದಾಟುವಾಗ ಎರಡು ಸಲ ಬೆಲ್ಲು ಹೊಡೆದಳು. ಆ ಸದ್ದು ಕೇಳಿ ನಾನು ಒಬ್ಬನೇ ನಗುತ್ತಾ ನಿಂತಿದ್ದೆ. ನನ್ನ ಹೆಂಡತಿ ಗಂಗಮ್ಮ ನೋಡಿ, "ಇವ್ರಿಗೆ ಎಂತಾತು" ಅಂದಳು. ಎಂತ ಅಂತ ಹೇಳುವುದು?

ನಾನು ಓದಿದ್ದು ಐದನೇ ಕ್ಲಾಸು. ಮಾತು ನನ್ನದು, ಒತ್ತು ದೀರ್ಘ ತಿದ್ದಿದವಳು ಚಂದನ. ತಿದ್ದುವಾಗ ಒಂದು ಕಡೆ, "ಅಜ್ಜ, ಇದೊಂದು ತೆಗಿ, ಮಾನ ಹೋಗ್ತದೆ" ಅಂದಳು. ತೆಗೆಯಲಿಲ್ಲ. ಅದು ಉಚ್ಚೆಯ ವಿಚಾರ. ಅದನ್ನು ತೆಗೆದರೆ ಈ ಕಥೆಯಲ್ಲಿ ಉಳಿಯುವುದು ಏನೂ ಇಲ್ಲ.

ಸಾಗರದ ಒಂದು ಬೇಕರಿಯಿಂದ ಬ್ರೆಡ್ಡು, ಬನ್ನು, ಟೋಸ್ಟು ತುಂಬಿಕೊಂಡು ಮೂವತ್ತು ವರ್ಷ ಸೈಕಲ್ಲಿನ ಮೇಲೆ ಹಳ್ಳಿ ತಿರುಗಿದವನು ನಾನು. ಹಿಂದಿನ ಕ್ಯಾರಿಯರಿಗೆ ಅಗಲದ ತಗಡಿನ ಪೆಟ್ಟಿಗೆ. ನಮ್ಮ ಅಪ್ಪ ಗೇಣಿಗೆ ಮಾಡುತ್ತಿದ್ದ ಅರ್ಧ ಎಕರೆ ಗದ್ದೆ ಉಳುವವನೇ ಒಡೆಯ ಅನ್ನುವ ಕಾನೂನು ಬಂದು ನಮ್ಮದೇ ಆಯಿತು, ಆದರೆ ಅದರಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಉಣ್ಣುವ ಹಾಗಿರಲಿಲ್ಲ. ಹಾಗಾಗಿ ನನಗೆ ಸೈಕಲ್ಲು. ಮೊದಲು ಜನ ಬ್ರೆಡ್ಡಿನಣ್ಣ ಅಂತಿದ್ದರು, ಆಮೇಲೆ ಬ್ರೆಡ್ಡಿನಜ್ಜ ಅಂತ ಆಯಿತು.

ಆ ಮೂವತ್ತು ವರ್ಷದಲ್ಲಿ ನಾನೊಂದು ಶಾಸ್ತ್ರ ಮಾಡಿಕೊಂಡಿದ್ದೆ. ಸೈಕಲ್ಲು ಹತ್ತಿದ ಮೇಲೆ ಇಳಿಯುವ ತನಕ ನೀರು ಕುಡಿಯಬಾರದು. ಕುಡಿದರೆ ಕಾಲು ಭಾರವಾಗುತ್ತದೆ, ಏರು ಹತ್ತುವುದಿಲ್ಲ. ಬಾಯಿ ಒಣಗಿದರೆ ಒಂದು ಚೂರು ಒಣ ನೆಲ್ಲಿಕಾಯಿ ದವಡೆಯಲ್ಲಿ ಇಟ್ಟುಕೊಳ್ಳಬೇಕು. ಇದನ್ನು ಮನೆಯಲ್ಲಿ, ಅಂಗಡಿಯಲ್ಲಿ, ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಚಂದನ ಕೇಳಿದಳು.

ಹೋದ ಬೇಸಿಗೆ ಅವಳ ಪರೀಕ್ಷೆ ಮುಗಿದ ವಾರ. ಅವಳ ಗೆಳತಿ ರಕ್ಷಿತಾ, ಜೊತೆಗೆ ಓದುವ ನವೀನ, ಮೂವರೂ ಸೇರಿ ಸಾಗರದಿಂದ ಹೊಸನಗರ, ಅಲ್ಲಿಂದ ಹುಂಚದ ಮೇಲೆ ತೀರ್ಥಹಳ್ಳಿಗೆ ಸೈಕಲ್ಲಿನಲ್ಲಿ ಹೋಗುವುದು, ದಾರಿಯಲ್ಲಿ ಟೆಂಟು ಹಾಕಿ ಮಲಗುವುದು ಅಂತ ಮಾಡಿದರು. ನನ್ನ ಮಗಳು ಸುಜಾತ, ಅಂದರೆ ಚಂದನಳ ತಾಯಿ, ಸುತರಾಂ ಒಪ್ಪಲಿಲ್ಲ. ಅಳಿಯ ಲಾರಿ ಡ್ರೈವರು, ಊರಲ್ಲಿರಲಿಲ್ಲ. ಆಗ ನಾನು ಬಾಯಿ ಹಾಕಿದೆ. "ನಾನೂ ಹೋಗ್ತೀನಿ ಮಾರಾಯ್ತಿ. ಆ ದಾರಿಯ ಒಂದೊಂದು ತಿರುವೂ ನಂಗೆ ಗೊತ್ತು."

"ನಿಂಗೆ ಅರವತ್ತೆಂಟು, ಅಪ್ಪಯ್ಯ."

"ಅರವತ್ತೆಂಟು ನಂಗೆ, ಕಾಲಿಗಲ್ಲ."

ಸುಜಾತ ಕೊನೆಗೆ ಒಂದೇ ಮಾತು ಹೇಳಿದಳು. "ಆತು. ಅವಳ ಜವಾಬ್ದಾರಿ ನಿನ್ನ ಮೈಮೇಲೆ."

ಮೊದಲ ದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಅವರದು ಗೇರಿನ ಸೈಕಲ್ಲುಗಳು, ನನ್ನದು ಅದೇ ಹಳೆಯ ಕಪ್ಪು ಸೈಕಲ್ಲು, ಪೆಟ್ಟಿಗೆಯಲ್ಲಿ ಟೋಸ್ಟು ಮತ್ತು ಪಾತ್ರೆ. ಏರಿನಲ್ಲಿ ನವೀನನನ್ನು ಹಿಂದೆ ಹಾಕಿದೆ. ಅವನು ಏದುಸಿರು ಬಿಡುತ್ತಾ, "ಅಜ್ಜ, ನಿಮ್ಮ ಸೈಕಲ್ಲಿಗೆ ಮೋಟರು ಇಟ್ಟಿದೀರಾ" ಅಂದ. ರಕ್ಷಿತಾ ಪ್ರತಿ ಮೈಲಿಗೂ ನಿಂತು ನೀರು ಕುಡಿಯುತ್ತಿದ್ದಳು. ಚಂದನಳಿಗೂ ಬಾಟಲಿ ಚಾಚಿದರೆ ಅವಳು ದವಡೆಯ ನೆಲ್ಲಿಕಾಯಿ ತೋರಿಸಿ, "ನಾನು ಬ್ರೆಡ್ಡಿನಜ್ಜನ ಮೊಮ್ಮಗಳು ಕಣೆ, ನಂಗೆ ನೀರು ಬ್ಯಾಡ" ಅಂದಳು.

"ನಿಮ್ಮಜ್ಜನ ಶಾಸ್ತ್ರಕ್ಕೆ ಬೆಂಕಿ ಬೀಳ್ಲಿ" ಅಂದಳು ರಕ್ಷಿತಾ.

ನಾನು ಮುಂದೆ ಹೋಗುತ್ತಿದ್ದೆ. ಎಲ್ಲ ಕೇಳಿಸಿತು. ಎದೆ ಎಷ್ಟು ಉಬ್ಬಿತು ಎಂದರೆ, ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಸಂಜೆ ಹೊಸನಗರದ ಆಚೆ, ಬೇಸಿಗೆಯಲ್ಲಿ ಅಣೆಕಟ್ಟಿನ ಹಿನ್ನೀರು ಸರಿದು ಬಿಟ್ಟಿದ್ದ ಬಯಲಿನಲ್ಲಿ ಟೆಂಟು ಹಾಕಿದೆವು. ನೀರಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಸುತ್ತಲೂ. ಸೂರ್ಯ ಮುಳುಗಿದರೂ ನೆಲದಿಂದ ಬಿಸಿ ಏಳುತ್ತಿತ್ತು. ಚಂದನ ಮಂಡಿ ನೋವು ಅಂದಳು. ರಕ್ಷಿತಾ ತನ್ನ ಚೀಲದಿಂದ ನೋವಿನ ಮಾತ್ರೆ ಕೊಟ್ಟಳಂತೆ, ಬೆಳಿಗ್ಗೆ ಬರೀ ಹೊಟ್ಟೆಗೆ ಇನ್ನೊಂದು. ಇದು ನನಗೆ ಗೊತ್ತಾದದ್ದು ಆಮೇಲೆ.

ಎರಡನೇ ದಿನ ತಡವಾಯಿತು. ಫೋಟೋ ತೆಗೆದರು, ಕಾಫಿ ಕಾಯಿಸಿದರು, ನವೀನನ ಚಕ್ರ ಪಂಚರ್ ಆಯಿತು. ಹೊರಟಾಗ ಒಂಬತ್ತು ದಾಟಿತ್ತು. ಹುಂಚ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಡಾಂಬರು ಮೆತ್ತಗಾಗಿ ಚಕ್ರಕ್ಕೆ ಹಿಡಿಯುತ್ತಿತ್ತು. ಒಂದು ಏರಿನಲ್ಲಿ ಹಿಂದಿರುಗಿ ನೋಡಿದೆ. ಚಂದನಳ ಸೈಕಲ್ಲು ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುತ್ತಿತ್ತು. ಮುಖ ಕೆಂಪಗೆ, ಆದರೆ ಬೆವರಿಲ್ಲ.

"ಇಳೀತೀಯನೆ?" ಅಂದೆ.

"ಬಸ್ಸು ಹೋತಾ ಅಮ್ಮ?" ಅಂದಳು. ನನ್ನನ್ನು ನೋಡಿಕೊಂಡೇ ಅಂದಳು. ಆಮೇಲೆ ಸೈಕಲ್ಲಿನ ಸಮೇತ ಚರಂಡಿಗೆ ಬಿದ್ದಳು.

ಮುಟ್ಟಿದರೆ ಮೈ ಬೇಕರಿಯ ಒಲೆಯ ತಗಡಿನ ಹಾಗೆ. ಎದುರಿನ ಮನೆಯಿಂದ ಒಬ್ಬ ಹೆಂಗಸು ಬಿಂದಿಗೆ ಎತ್ತಿಕೊಂಡೇ ಓಡಿ ಬಂದರು. ಲಲಿತಮ್ಮ ಅಂತ ಅವರ ಹೆಸರು. ಏನು, ಎತ್ತ, ಯಾವೂರು ಅಂತ ಕೇಳಲಿಲ್ಲ. ತಲೆಯಿಂದ ಕಾಲಿನವರೆಗೆ ನೀರು ಸುರಿದರು, ಇನ್ನೊಂದು ಬಿಂದಿಗೆ ತರಿಸಿ ಸುರಿದರು, ತಮ್ಮದೊಂದು ಸೀರೆ ಒದ್ದೆ ಮಾಡಿ ಹುಡುಗಿಗೆ ಸುತ್ತಿ ನೆರಳಲ್ಲಿ ಮಲಗಿಸಿ ಮೊರದಲ್ಲಿ ಗಾಳಿ ಹಾಕಿದರು. ನಾನು ಬಾಯಿಗೆ ನೀರು ಬಿಡಲು ಹೋದರೆ ಕೈ ತಳ್ಳಿದರು. "ಪ್ರಜ್ಞೆ ಇಲ್ದೆ ಇರೋರಿಗೆ ಬಾಯಿಗೆ ಹಾಕ್ಬ್ಯಾಡಿ ಮಾರಾಯ್ರೆ, ಮೈಗೆ ಹಾಕಿ." ಆ ಎರಡು ಬಿಂದಿಗೆ ನೀರೇ ಹುಡುಗಿಯನ್ನು ಉಳಿಸಿದ್ದು ಅಂತ ಡಾಕ್ಟರು ಆಮೇಲೆ ಹೇಳಿದರು.

ಲಲಿತಮ್ಮನ ಮಗನ ಓಮ್ನಿಯಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ. ಅಲ್ಲಿ ಡ್ರಿಪ್ಪು ಹಾಕಿ, ಮೈ ತಣಿಸಿ, ಆಂಬುಲೆನ್ಸಿನಲ್ಲಿ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸುಜಾತ ಸಾಗರದಿಂದ ನೇರ ಅಲ್ಲಿಗೇ ಬಂದಳು. ನನ್ನ ಕಡೆ ನೋಡಲಿಲ್ಲ.

ಒಳಗಿನಿಂದ ಬಂದ ಡಾಕ್ಟರು ಹೆಂಗಸು, ನನ್ನ ಮಗಳಿಗಿಂತ ಚಿಕ್ಕವರು. ಉಚ್ಚೆಗೆ ಕ್ಯಾತೀಟರ್ ನಳಿಗೆ ಹಾಕಿದಾಗ ಒಂದಿಷ್ಟು ಬಂದದ್ದು ಕರಿ ಕಷಾಯದ ಬಣ್ಣದ್ದಂತೆ, ಆಮೇಲೆ ಬರುವುದೇ ನಿಂತಿದೆಯಂತೆ. "ಕಾಡಲ್ಲಿ ಮಲಗಿದ್ರಾ? ಉಣುಗು ಕಚ್ಚಿತ್ತಾ?" ಅಂತ ಕೇಳಿದರು. ನಮ್ಮ ಕಡೆ ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಎಲ್ಲರ ಬಾಯಲ್ಲೂ ಬರುವುದು ಆ ಉಣ್ಣೆ ಹುಳದಿಂದ ಹರಡುವ ಮಂಗನ ಕಾಯಿಲೆ. ಅದಕ್ಕೂ ರಕ್ತ ಕಳಿಸಿದ್ದೇವೆ ಅಂದರು. ಆಮೇಲೆ ಕೇಳಿದರು, "ದಾರಿಯಲ್ಲಿ ನೀರು ಸರಿಯಾಗಿ ಕುಡೀತಿದ್ಲಾ? ಬೇರೆ ಏನಾದ್ರೂ ಮಾತ್ರೆ ತಗೊಂಡಿದ್ಲಾ?"

ಸುಜಾತ ಪಕ್ಕದಲ್ಲೇ ನಿಂತಿದ್ದಳು.

"ಕುಡೀತಿದ್ಲು" ಅಂದೆ. "ಚೆನ್ನಾಗಿ ಕುಡೀತಿದ್ಲು."

ರಕ್ಷಿತಾ ನನ್ನ ಮುಖ ನೋಡಿದಳು. ಅವಳು ಏನಾದರೂ ಹೇಳುತ್ತಾಳೆ ಅಂತ ಕಾದೆ. ಅವಳು ತಲೆ ತಗ್ಗಿಸಿದಳು. ಮಾತ್ರೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಮಾರನೇ ದಿನ ಪ್ರಜ್ಞೆ ಬಂತು, ಆದರೆ ಮುಖ ಊದಿತ್ತು. ಉಚ್ಚೆ ಇಲ್ಲ. ಸ್ನಾಯು ಒಡೆದು ಅದರ ಕಸ ಕಿಡ್ನಿಯಲ್ಲಿ ಕಟ್ಟಿಕೊಂಡಿದೆ, ಡಯಾಲಿಸಿಸ್ ಮಾಡುತ್ತೇವೆ, ಕಿಡ್ನಿ ತಾನಾಗಿ ಏಳುತ್ತದೋ ಇಲ್ಲವೋ ಕಾದು ನೋಡಬೇಕು ಅಂದರು. "ಏಳದಿದ್ರೆ?" ಅಂತ ಸುಜಾತ ಕೇಳಿದಳು. ಡಾಕ್ಟರು, "ಈಗ ಅದನ್ನ ಯೋಚಿಸ್ಬೇಡಿ" ಅಂದರು. ಅದನ್ನು ಬಿಟ್ಟು ಬೇರೆ ಏನನ್ನು ಯೋಚಿಸುವುದು? ಹತ್ತೊಂಬತ್ತು ವರ್ಷದ ಹುಡುಗಿ ವಾರಕ್ಕೆರಡು ಸಲ ಆ ಯಂತ್ರದ ಪಕ್ಕ ಮಲಗುವುದು ನನ್ನ ಕಣ್ಣಿಗೆ ಕಟ್ಟಿತು.

ದಿನಕ್ಕೆ ಒಬ್ಬರನ್ನು ಐದು ನಿಮಿಷ ಒಳಗೆ ಬಿಡುತ್ತಿದ್ದರು. ಸುಜಾತ ಎರಡು ದಿನ ನನ್ನನ್ನು ಬಿಡಲಿಲ್ಲ. "ನೀನು ಹೊರಗೆ ಕೂತ್ಕ, ಅಪ್ಪಯ್ಯ" ಅನ್ನುವಳು, ಸಿಟ್ಟಿಲ್ಲದ ದನಿಯಲ್ಲಿ. ಮೂರನೇ ದಿನ, "ಅವಳು ನಿನ್ನನ್ನೇ ಕೇಳ್ತಿದಾಳೆ, ಹೋಗು" ಅಂದಳು.

ಹೋದೆ. ಮಂಚದ ಕೆಳಗೆ ತೂಗಿದ್ದ ಉಚ್ಚೆಯ ಚೀಲ ನೋಡಿದೆ. ಒಣಗಿತ್ತು. ಚಂದನಳ ತುಟಿ ಸಿಪ್ಪೆ ಎದ್ದು ಬಿಳಿಯಾಗಿತ್ತು. ನನ್ನನ್ನು ನೋಡಿದ್ದೇ ಅವಳು ಹೇಳಿದ ಮೊದಲ ಮಾತು, "ಅಜ್ಜ, ಒಂದು ಗುಟುಕು ನೀರು ಕೊಡಾ."

ನೀರಿನ ಬಾಟಲಿ ಅಲ್ಲೇ ಮೇಜಿನ ಮೇಲಿತ್ತು. ಕೈ ಚಾಚಿದೆ. ಸಿಸ್ಟರು ಹಿಡಿದುಕೊಂಡರು. "ಬೇಡ ಅಜ್ಜ. ಉಚ್ಚೆ ಹೋಗ್ತಾ ಇಲ್ವಲ್ಲ, ಕುಡಿದ ನೀರೆಲ್ಲ ಎದೆಗೆ ಹೋಗಿ ತುಂಬ್ತದೆ. ಅಳತೆ ಮಾಡಿ ಕೊಡ್ತೀವಿ. ಇವತ್ತಿಂದು ಮುಗೀತು."

"ಅಜ್ಜ, ಇವ್ರು ಮುಚ್ಚಳದಲ್ಲಿ ಕೊಡ್ತಾರೆ" ಅಂದಳು ಚಂದನ. "ನೀನಾದ್ರೂ ಕೊಡು."

"ಬ್ಯಾಡ ಮಗಾ" ಅಂದೆ.

ರಸ್ತೆಯಲ್ಲಿ ಬೇಕಾದಷ್ಟು ನೀರಿದ್ದಾಗ ಬೇಡ ಅಂದವನೂ ನಾನೇ, ಈಗ ಬೇಡ ಅಂದವನೂ ನಾನೇ. ಒದ್ದೆ ಹತ್ತಿಯಲ್ಲಿ ತುಟಿ ಒರೆಸಬಹುದು ಅಂದರು. ಒರೆಸಿದೆ. ಅವಳು ಆ ಹತ್ತಿಯನ್ನು ಕಚ್ಚಿ ಚೀಪಿದಳು. ಐದು ನಿಮಿಷ ಮುಗಿಯಿತು ಅಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ನವೀನ ಪಕ್ಕದಲ್ಲಿದ್ದ. ಪಾಪದ ಹುಡುಗ, ಸಮಾಧಾನ ಮಾಡಲಿಕ್ಕೆಂದು ಏನೋ ಕೇಳಬೇಕೆಂದು ಕೇಳಿದ. "ಅಜ್ಜ, ನೀವು ಬ್ರೆಡ್ ಮಾರ್ತಿದ್ದಾಗ ಎಷ್ಟೊತ್ತಿಗೆ ಮನೆಗೆ ಬರ್ತಿದ್ರಿ?"

"ಬೆಳಿಗ್ಗೆ ಐದಕ್ಕೆ ಹೊರಟ್ರೆ ಹತ್ತಕ್ಕೆಲ್ಲ ವಾಪಸ್ಸು. ಬ್ರೆಡ್ಡು ಬಿಸಿಲಿಗೆ ಬೆವರ್ತದೆ, ಹಾಳಾಗ್ತದೆ."

ಹೇಳಿದ ಮೇಲೆ ನನಗೇ ಹೊಳೆಯಿತು. ಮೂವತ್ತು ವರ್ಷದಲ್ಲಿ ಒಂದು ದಿನವೂ ನಾನು ನಡು ಮಧ್ಯಾಹ್ನ ರಸ್ತೆಯ ಮೇಲೆ ಇದ್ದವನಲ್ಲ. ಬ್ರೆಡ್ಡಿಗೆ ಬಿಸಿಲು ತಾಗಬಾರದು ಅಂತ ಜೋಪಾನ ಮಾಡಿದವನು ಮೊಮ್ಮಗಳನ್ನು ಮಟ ಮಟ ಬಿಸಿಲಲ್ಲಿ ಏರು ಹತ್ತಿಸಿದ್ದೆ.

ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು ಮೂರು ದಿನದಿಂದ ಇದ್ದರು, ಶಾರದಾ ಅಂತ. ಗಂಡ ಒಳಗಿದ್ದರು. ಅವರು ನನ್ನನ್ನೇ ನೋಡುತ್ತಿದ್ದವರು ಈಗ ಎದ್ದು ಬಂದರು. "ನೀವು ಬ್ರೆಡ್ಡಿನಣ್ಣ ಅಲ್ದಾ? ಆಗಿಂದ ಅದೇ ನೋಡ್ತಿದ್ದೆ. ಬಟ್ಟೆಮಲ್ಲಪ್ಪದ ಹತ್ರ ನಮ್ಮಮ್ಮನ ಮನೆ. ನಾನು ಲಂಗ ಹಾಕ್ಕೊಂಡು ಬನ್ನಿಗೆ ಓಡಿ ಬರ್ತಿದ್ದೆ."

ಹೌದು ಅಂದೆ. ಗುರುತು ಹತ್ತಲಿಲ್ಲ. ಎಷ್ಟೋ ಅಂಗಳ, ಎಷ್ಟೋ ಲಂಗದ ಮಕ್ಕಳು.

"ನಮ್ಮಮ್ಮ ಬೆಲ್ಲ ನೀರು ಹಿಡ್ಕಂಡು ನಿಂತ್ರೂ ನೀವು ಒಂದು ದಿನ ಕೂತು ಕುಡೀಲಿಲ್ಲ ನೋಡಿ. ಅಮ್ಮ ಬೇಜಾರು ಮಾಡ್ಕಳ್ತಿದ್ಲು. ನಮ್ಮನೆ ನೀರು ಅವ್ರಿಗೆ ಆಗ್ತದಾ ಇಲ್ವಾ ಅಂತ." ಶಾರದಾ ಹೇಳುತ್ತಲೇ ಚೀಲದಿಂದ ಬೆಲ್ಲದ ತುಂಡು, ನೀರಿನ ಬಾಟಲಿ ತೆಗೆದರು. "ಇಲ್ಲಾದ್ರೂ ಕುಡೀರಿ. ಬೆಳಿಗ್ಗೆಯಿಂದ ಎಂತ ಮುಟ್ಟಿಲ್ಲ ನೀವು."

ಆಗ ನನಗೆ ನನ್ನ ಶಾಸ್ತ್ರ ಹುಟ್ಟಿದ್ದು ಎಲ್ಲಿ ಅಂತ ನೆನಪಾಯಿತು. ನಮ್ಮ ಕಡೆ ಅಂಗಳಕ್ಕೆ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವುದಿಲ್ಲ. ಬೆಲ್ಲ ನೀರು ಅಂದರೆ ಕೂರಬೇಕು, ಕೂತರೆ ಮಾತು, ಮಾತಾದರೆ ಅರ್ಧ ಗಂಟೆ. ಇಪ್ಪತ್ತು ಮನೆಯಲ್ಲಿ ಕೂತರೆ ಬ್ರೆಡ್ಡು ಬಿಸಿಲಿಗೆ ಸಿಕ್ಕುತ್ತದೆ. ಬೇಡ ಅಂದರೆ ಬೇಜಾರು. ಅದಕ್ಕೆ ಒಂದು ದಿನ ಯಾರಿಗೋ, "ಕುಡಿದ್ರೆ ಕಾಲು ಭಾರ ಆಗ್ತದೆ, ತಾಯಿ" ಅಂತ ನೆಪ ಹೇಳಿದೆ. ಅವರು ನಂಬಿದರು. ಹೇಳುತ್ತಾ ಹೇಳುತ್ತಾ ನಾನೂ ನಂಬಿದೆ. ನೆಪ ಹಳೆಯದಾಗಿ ಶಾಸ್ತ್ರವಾಯಿತು.

ಶಾರದಾ ಕೊಟ್ಟ ಬೆಲ್ಲ ಕೈಯಲ್ಲೇ ಹಿಡಿದುಕೊಂಡು ಎದ್ದು ಹೋದೆ. ಡಾಕ್ಟರು ಬಾಗಿಲ ಹತ್ತಿರ ಸುಜಾತಳ ಜೊತೆ ಮಾತಾಡುತ್ತಿದ್ದರು.

"ನಾನು ಸುಳ್ಳು ಹೇಳಿದ್ದೆ" ಅಂದೆ. "ಅವಳು ನೀರು ಕುಡೀಲಿಲ್ಲ. ದಾರಿಯಲ್ಲಿ ಒಂದು ಹನಿ ಕುಡೀಲಿಲ್ಲ. ಕುಡೀಬೇಡ ಅಂದೋನು ನಾನು."

ಹಿಂದಿನಿಂದ ಅಳುವ ದನಿ ಬಂತು. ರಕ್ಷಿತಾ. "ನಾನು ಎರಡು ನೋವಿನ ಮಾತ್ರೆ ಕೊಟ್ಟಿದ್ದೆ ಮೇಡಂ. ಮೊದಲ ದಿನದಿಂದ ಹೇಳ್ಬೇಕು ಅಂತಿದ್ದೆ." ಮೂರು ದಿನದಿಂದ ಆ ಹುಡುಗಿ ನನ್ನ ಸುಳ್ಳಿನ ಮರೆಯಲ್ಲಿ ಕೂತಿದ್ದಳು, ನಾನು ಅವಳ ಮೌನದ ಮರೆಯಲ್ಲಿ.

ಡಾಕ್ಟರು ಬೈಯಲಿಲ್ಲ. "ರಕ್ತ ನೋಡಿ ಹೀಗೇ ಇರಬೇಕು ಅಂತ ಅಂದ್ಕೊಂಡೇ ಔಷಧ ಕೊಡ್ತಿದ್ವಿ. ಮೈಯಲ್ಲಿ ನೀರಿಲ್ದಾಗ ನೋವಿನ ಮಾತ್ರೆಯೂ ಕಿಡ್ನಿಗೆ ಪೆಟ್ಟು ಕೊಡ್ತದೆ. ಆದ್ರೂ ನೀವಿಬ್ರೂ ಹೇಳಿದ್ದು ಒಳ್ಳೇದಾಯ್ತು. ಇಲ್ದಿರೋದನ್ನ ಹುಡುಕೋದು ತಪ್ತದೆ" ಅಂದರು. ಸಂಜೆ ಮಂಗನ ಕಾಯಿಲೆ ಅಲ್ಲ ಅಂತ ವರದಿಯೂ ಬಂತು.

ಸುಜಾತ ಬೆಂಚಿಗೆ ಬಂದು ನನ್ನ ಪಕ್ಕ ಕೂತಳು. ಆಮೇಲೆ, "ಸಣ್ಣೋಳಿದ್ದಾಗ ನಂಗೂ ಅದನ್ನೇ ಹೇಳಿದ್ದೆ ನೀನು" ಅಂದಳು. "ನಾನು ನಿನ್ನ ಮಾತು ಕೇಳ್ತಿರಲಿಲ್ಲ, ಬದುಕಿದೆ." ಅದು ಬೈಗುಳವೋ ಕ್ಷಮೆಯೋ ಗೊತ್ತಾಗಲಿಲ್ಲ. ನನ್ನ ಕೈಯಲ್ಲಿ ಕರಗಿ ಅಂಟಿದ್ದ ಬೆಲ್ಲ ಬಿಡಿಸಿ, ಅರ್ಧ ತಾನು ತಿಂದು ಅರ್ಧ ನನ್ನ ಬಾಯಿಗೆ ಹಾಕಿದಳು.

ಎರಡನೇ ಡಯಾಲಿಸಿಸ್ ಆಯಿತು. ಚೀಲ ಒಣಗಿಯೇ ಇತ್ತು. ಮೂರನೆಯದೂ ಆಯಿತು. ಸುಜಾತ ಒಳಗೆ ಹೋಗಿ ಬರುವಾಗ ನಾನು ಅವಳ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಸೆರಗು ಹಿಂಡುತ್ತಿದ್ದರೆ ಇನ್ನೂ ಇಲ್ಲ ಅಂತ ಅರ್ಥ. ಅಲ್ಲಿ ಕೂತವರೆಲ್ಲ ಆ ಬಾಗಿಲು ತೆರೆದಾಗ ಅತ್ತಲೇ ನೋಡುತ್ತಾರೆ. ಸಿಸ್ಟರು ಒಂದು ಹೆಸರು ಕೂಗಿದರೆ ಒಂದು ಮನೆಯವರು ಏಳುತ್ತಾರೆ, ಉಳಿದವರು ಉಸಿರು ಬಿಡುತ್ತಾರೆ.

ಒಂಬತ್ತನೇ ದಿನ ಬೆಳಿಗ್ಗೆ ಆ ಬಾಗಿಲು ತೆರೆಯಿತು. "ಚಂದನ ಕಡೆಯವ್ರು?"

ಏಳಲು ಹೋದೆ, ಕಾಲು ಏಳಲಿಲ್ಲ. ನಿಜವಾಗಿ ಕಾಲು ಭಾರವಾಗುವುದು ಅಂದರೆ ಏನು ಅಂತ ಆಗ ಗೊತ್ತಾಯಿತು.

ಸಿಸ್ಟರು ನಗುತ್ತಿದ್ದರು. "ಅಜ್ಜ, ನಿಮ್ಮ ಹುಡುಗಿ ಉಚ್ಚೆ ಹೊಯ್ದಳು. ನಲವತ್ತು ಎಂಎಲ್."

ನಲವತ್ತು ಎಂಎಲ್ ಅಂದರೆ ಎಷ್ಟು ಅಂತ ಕೇಳಿದೆ. ಒಂದು ಸಣ್ಣ ಕಾಫಿ ಲೋಟದ ಅರ್ಧವೂ ಇಲ್ಲ ಅಂದರು. ನನಗೆ ಹೊಳೆ ಬಂದ ಹಾಗಾಯಿತು. ಸುಜಾತ ನನ್ನ ಹೆಗಲ ಮೇಲೆ ಮುಖ ಇಟ್ಟು ಅತ್ತಳು. ರಕ್ಷಿತಾ ಮತ್ತು ನವೀನ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದರು, ಕಾವಲಿನವನು ಗದರಿದ. ಮದುವೆ ಆಯಿತು, ಮಗಳು ಹುಟ್ಟಿದಳು, ಮೊಮ್ಮಗಳು ಹುಟ್ಟಿದಳು, ಇಷ್ಟು ಸಂತೋಷ ನಾನು ಪಟ್ಟಿರಲಿಲ್ಲ. ಎದುರು ಸಿಕ್ಕಿದವರಿಗೆಲ್ಲ ಹೇಳಿದೆ, ಲಿಫ್ಟಿನವನಿಗೂ ಹೇಳಿದೆ. ಶಾರದಾ ಉಳಿದಿದ್ದ ಬೆಲ್ಲವನ್ನು ಚೂರು ಮಾಡಿ ಇಡೀ ಬೆಂಚಿಗೆ ಹಂಚಿದರು. ಅವರ ಗಂಡನ ಹೆಸರು ಕೂಗಿ ಇನ್ನೂ ಯಾರೂ ಬಂದಿರಲಿಲ್ಲ. ಆದರೂ ಹಂಚಿದರು.

ಮಾರನೇ ದಿನ ಇನ್ನೂರು, ಅದರ ಮಾರನೇ ದಿನ ಲೆಕ್ಕ ಇಡುವ ಅಗತ್ಯವೇ ಬರಲಿಲ್ಲ. ಮನೆಗೆ ಬಂದ ಮೇಲೂ ಬಣ್ಣ ನೋಡುತ್ತಿರಬೇಕು ಅಂತ ಡಾಕ್ಟರು ಹೇಳಿದ್ದರು. ಅದನ್ನು ಹಿಡಿದುಕೊಂಡು ನಾನು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆ. ಚಂದನ ಮೊದಲು ನಾಚಿದಳು, ಆಮೇಲೆ ಸಿಟ್ಟಾದಳು, ಕೊನೆಗೆ ಒಂದೊಂದು ಬಣ್ಣಕ್ಕೂ ತಾನೇ ಹೆಸರಿಟ್ಟಳು. ಕಷಾಯ, ಚಾ, ಎಳನೀರು. ಬಚ್ಚಲಿನಿಂದ ಬರುವಾಗ, "ಅಜ್ಜ, ಚಾ" ಅಂದರೆ ನಾನು ನೀರಿನ ಚೊಂಬು ಹಿಡಿದು ಓಡುತ್ತಿದ್ದೆ, ಎಳನೀರು ಅಂದರೆ ಕೂತಲ್ಲೇ ಕೂರುತ್ತಿದ್ದೆ.

ಮಳೆ ಕಳೆದು ಚಳಿ ಶುರುವಾದ ಮೇಲೆ, ಡಾಕ್ಟರನ್ನು ಕೇಳಿಕೊಂಡು, ಉಳಿದ ದಾರಿ ಮುಗಿಸಿದೆವು. ಅದೇ ನಾಲ್ಕು ಜನ. ಹುಂಚದವರೆಗೆ ಬಸ್ಸಿನ ಮೇಲೆ ಸೈಕಲ್ಲು ಹಾಕಿ ಬಂದು, ಅವಳು ಬಿದ್ದ ಚರಂಡಿಯ ಹತ್ತಿರ ಲಲಿತಮ್ಮನ ಮನೆಗೆ ಹೋದೆವು. ಆಗಿನ್ನೂ ಬೆಳಗಿನ ಎಂಟು ಗಂಟೆ. ಅವರು ಚಂದನಳ ಕೆನ್ನೆ, ಕೈ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದು ಇಟ್ಟರು.

ನಾನು ಜಗಲಿಯ ಮೇಲೆ ಕಾಲು ಮಡಚಿ ಕೂತೆ.

"ಅಜ್ಜ, ಕಾಲು ಭಾರ ಆಗ್ತದೆ" ಅಂದಳು ಚಂದನ.

"ಆಗ್ಲಿ" ಅಂದೆ. ಚೊಂಬು ಎತ್ತಿ ಪೂರ್ತಿ ಕುಡಿದೆ. ಲಲಿತಮ್ಮ ಇನ್ನೊಂದು ಚೊಂಬು ತಂದರು. ಅದನ್ನು ಶಾರದಾಳ ಅಮ್ಮನ ಹೆಸರಲ್ಲಿ ಕುಡಿದೆ, ಯಾರಿಗೂ ಹೇಳಲಿಲ್ಲ. ಅರ್ಧ ಗಂಟೆ ಮಾತಾಡಿದೆವು. ಪೆಟ್ಟಿಗೆಯಲ್ಲಿದ್ದ ಬ್ರೆಡ್ಡಿಗೆ ಏನೂ ಆಗಲಿಲ್ಲ.

ಅಲ್ಲಿಂದ ತೀರ್ಥಹಳ್ಳಿಗೆ ಹೋಗುವುದರೊಳಗೆ ನಾನು ಮೂರು ಸಲ ಸೈಕಲ್ಲು ನಿಲ್ಲಿಸಿ ಪೊದೆಯ ಹಿಂದೆ ಹೋಗಬೇಕಾಯಿತು. ಹುಡುಗರು ಹಂಗಿಸಿದರು. ನಾಲ್ಕನೇ ಸಲ ನಿಂತದ್ದು ಚಂದನ. ಸೈಕಲ್ಲು ಮರಕ್ಕೆ ಒರಗಿಸಿ ರಕ್ಷಿತಾಳನ್ನು ಕಾವಲಿಗೆ ಕರೆದುಕೊಂಡು ಗುಡ್ಡದ ಮರೆಗೆ ಹೋದಳು. ನಾನು ರಸ್ತೆಯಲ್ಲಿ ನಿಂತಿದ್ದೆ. ಕೇಳಬಾರದು ಅಂದುಕೊಂಡಿದ್ದೆ, ದೊಡ್ಡ ಹುಡುಗಿ, ಜೊತೆಗೆ ನವೀನ ಬೇರೆ ಇದ್ದ. ಆದರೂ ಕತ್ತು ಆ ಕಡೆಗೇ ತಿರುಗಿತ್ತು.

ಗುಡ್ಡದ ಆಚೆಯಿಂದ, ನಾಚಿಕೆ ಮಾನ ಎಲ್ಲ ಬಿಟ್ಟು, ಇಡೀ ಕಾಡಿಗೆ ಕೇಳುವ ಹಾಗೆ ಅವಳೇ ಕೂಗಿದಳು.

"ಅಜ್ಜ, ಎಳನೀರು."